ನಗುತ್ತ ಹೋದವನ ಕಲ್ಲು

ಲಗಮಪ್ಪ ಹದಿನೇಳು ವರ್ಷ ಫೌಜಿನಲ್ಲಿ ದುಡಿದವನು. ಪಿಂಚಣಿ ಆದ ಮೇಲೆ ಮನೆಗೆ ಹೋಗಲಿಲ್ಲ. ಟ್ರಂಕು ಹೊತ್ತುಕೊಂಡು ನೆಟ್ಟಗೆ ಹೊಳೆದಂಡೆಯ ಮಠಕ್ಕೆ, ಮರುಳಯ್ಯಜ್ಜನ ಬಳಿಗೆ ಬಂದ.

"ಮನಸು ನಿಲ್ಲವಲ್ದು ಯಪ್ಪಾ" ಎಂದ, ಅಷ್ಟೇ.

ಅಜ್ಜ ಬೇರೇನೂ ಕೇಳಲಿಲ್ಲ. ಕೈಗೆ ಕಸಬರಿಗೆ ಕೊಟ್ಟರು.

ಎಂಟು ತಿಂಗಳು ಕಳೆಯಿತು. ಅಜ್ಜ ಹೇಳಿದ ಕೆಲಸವನ್ನೆಲ್ಲ ಲಗಮಪ್ಪ ಮಾಡುತ್ತಿದ್ದ. ಆದರೆ ಪೇಟೆಯ ಗಿರಣಿಗೆ ಹೋದರೆ ಮಾತ್ರ ಮಧ್ಯಾಹ್ನ ಮಾಡಿಕೊಂಡು ಬರುತ್ತಿದ್ದ. ಪೇಟೆ ಅರ್ಧ ತಾಸಿನ ದಾರಿ.

"ಗಿರಣಿ ದೂರ ಹೋತೇನು?" ಒಂದು ದಿನ ಅಜ್ಜ ಕೇಳಿದರು.

"ಹೊಲದ ಬದುವಿನ ಮ್ಯಾಲ ಸುತ್ತ ಹಾಕಿ ಹೋಗ್ತೀನ್ರಿ. ರಸ್ತಾದಾಗ ಆ ಕಲ್ಲೈತಿ."

ಆ ಕಲ್ಲು ಅಜ್ಜನಿಗೂ ಗೊತ್ತಿತ್ತು. ಪೇಟೆಯ ಬಾಯಿಗೆ, ಮೂರು ರಸ್ತೆ ಕೂಡುವಲ್ಲಿ, ಭೀಮಶಿಯ ಸ್ಮಾರಕ. ಭೀಮಶಿ ಅದೇ ಪೇಟೆಯ ಮಗ. ಒಂಬತ್ತು ವರ್ಷದ ಹಿಂದೆ ಯುದ್ಧದಲ್ಲಿ ಗುಡ್ಡ ಹತ್ತಿ, ಶತ್ರುಗಳ ಮಶೀನ್‌ಗನ್ನಿನ ಬಾಯಿ ಮುಚ್ಚಿಸಿ ಸತ್ತ. ಸರ್ಕಾರ ಪದಕ ಕೊಟ್ಟಿತು, ಊರು ಮೂರ್ತಿ ನಿಲ್ಲಿಸಿತು. ಕರಿಕಲ್ಲಿನ ಮುಖ, ಹುರಿಮೀಸೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು: "ಸಾವಿಗೆ ಅಂಜದೆ ನಗುನಗುತ್ತ ಪ್ರಾಣ ಕೊಟ್ಟ ವೀರ."

"ಅವ ನಗಲಿಲ್ರಿ" ಎಂದ ಲಗಮಪ್ಪ. "ನಾ ಅವನ ಜೋಡಿ ಇದ್ದೆ. ಗುಡ್ಡ ಹತ್ತೂಕಿಂತ ಮೊದಲ ಅವನ ಕೈ ಎಷ್ಟು ನಡುಗತಿದ್ವು ಅಂದ್ರ, ಹೆಲ್ಮೆಟ್ಟಿನ ಪಟ್ಟಿ ನಾ ಕಟ್ಟಬೇಕಾತು. ಗುಂಡು ಬಿದ್ದ ಮ್ಯಾಲ ಅರ್ಧ ತಾಸು ನನ್ನ ತೊಡಿ ಮ್ಯಾಲಿದ್ದ. ಕೂಸಿನಂಗ ಅತ್ತ. ಅವಗ ಮೀಸೀನೂ ಇರಲಿಲ್ಲ ಯಪ್ಪಾ! ಅಲ್ಲಿ ನಿಂತಾವ ಯಾವನೋ ಬ್ಯಾರೆ. ನನ್ನ ಗೆಳೆಯನ್ನ ಅಳಿಸಿಬಿಟ್ಟಾರ."

ಅಜ್ಜ ಎದ್ದು ಒಳಗೆ ಹೋದರು. ಒಂದು ಕೊಡ, ಒಂದು ಹಳೆಯ ಪಂಚೆಯ ತುಂಡು ತಂದು ಅವನ ಮುಂದಿಟ್ಟರು.

"ನಾಳಿಂದ ದಿನಾ ಮುಂಜಾನೆ ಹೋಗಿ ಆ ಕಲ್ಲು ತೊಳೆದು ಬಾ."

ಲಗಮಪ್ಪನ ಮುಖ ಕೆಂಪಾಯಿತು. "ಸುಳ್ಳು ತೊಳೀಲೇನ್ರಿ?"

"ಧೂಳು ತೊಳಿ."

ಗುರುವಿನ ಮಾತು, ಮೀರುವಂತಿಲ್ಲ. ಮರುದಿನ ಹಲ್ಲು ಕಚ್ಚಿಕೊಂಡು ಹೋದ. ಲಾರಿಗಳ ಧೂಳು ಮೂರ್ತಿಯ ಕಣ್ಣು, ಕಿವಿ ತುಂಬಿತ್ತು. ಮುಖ ನೋಡದೆ ಒರೆಸಿದ. ನಾಲ್ಕನೆಯ ದಿನ ಹೋದಾಗ ಕಲ್ಲಿನ ಪಕ್ಕದ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಸೆರಗಿನ ತುದಿಯಿಂದ ಮೂರ್ತಿಯ ಕೆನ್ನೆ ಒರೆಸುತ್ತಿದ್ದಳು.

"ಮಠದಾವ ಇದನ್ಯಾಕ ತೊಳೀತಿ ತಮ್ಮಾ?" ಎಂದು ಕೇಳಿದಳು.

"ನಾ ಇವನ ಪಲ್ಟನ್ನಿನಾಗಿದ್ದೆ ಯವ್ವಾ." ಬಾಯಿ ತಪ್ಪಿ ಬಂದುಬಿಟ್ಟಿತು.

ಮುದುಕಿಯ ಕೈ ನಿಂತಿತು. ಅವಳು ಬಾಳವ್ವ, ಭೀಮಶಿಯ ತಾಯಿ.

"ಕಡೀಕ ನೀ ಅಲ್ಲಿದ್ದೇನು? ಹ್ಯಾಂಗ ಹೋದ ನನ ಮಗ?"

ಲಗಮಪ್ಪ ನೆಲ ನೋಡಿದ. "ನಕ್ಕೋಂತ ಹೋದ ಯವ್ವಾ. ಇಲ್ಲಿ ಬರದೈತೆಲ್ಲ, ಹಂಗ."

"ಹೌದಪಾ. ಎಲ್ಲಾರೂ ಹಂಗ ಅಂತಾರ." ಬಾಳವ್ವ ಚೀಲ ಎತ್ತಿಕೊಂಡು ಎದ್ದು ಹೋದಳು.

ಲಗಮಪ್ಪ ಮಠಕ್ಕೆ ಬಂದು ನಡೆದದ್ದನ್ನು ಹೇಳಿದ. "ಹೆತ್ತ ಕರಳು ನೋಡ್ರಿ. ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳಿದೆ."

"ಆತೇನು ಸಮಾಧಾನ?"

"ಆಗಿರಬೇಕ್ರಿ."

"ಆಕಿ ಮಾರಿ ನೋಡಿದೇನು?"

ಲಗಮಪ್ಪ ತಲೆ ತಗ್ಗಿಸಿದ. "ಇಲ್ರಿ. ನೆಲ ನೋಡಿದೆ."

"ನಾಳೆ ಮಾರಿ ನೋಡಿ ಬಾ."

ಮರುದಿನ ಬಾಳವ್ವ ಅಲ್ಲೇ ಕೂತಿದ್ದಳು. ಲಗಮಪ್ಪ ಕೊಡ ಕೆಳಗಿಟ್ಟು ಮುಖ ಎತ್ತಿ ನೋಡಿದ. ಸಮಾಧಾನ ಆದವರ ಮುಖ ಅದಲ್ಲ. ಮನೆ ಬಾಗಿಲು ತೆರೆದಿಟ್ಟು ವರ್ಷಗಟ್ಟಲೆ ಹಾದಿ ನೋಡಿ ದಣಿದವಳ ಮುಖ.

ಅವನು ಅವಳ ಕಾಲ ಬಳಿ ಕೂತ.

"ಯವ್ವಾ, ನಿನ್ನೆ ನಾ ಸುಳ್ಳು ಹೇಳಿದೆ. ಅವ ನಗಲಿಲ್ಲ."

"ಅತ್ನೇನು?"

"ಅತ್ತ."

ಬಾಳವ್ವ ಮುಂದಕ್ಕೆ ಬಾಗಿದಳು. "ನನ್ನ ಕರದ್ನೇನು?"

"ಕರದ. ಉಸಿರು ಇರೂತನಕ ಅದೊಂದನ್ನ ಅಂದ. ಯವ್ವಾ, ಯವ್ವಾ, ಅಂತ." ಲಗಮಪ್ಪನ ದನಿ ಒಡೆಯಿತು. "ನಿನ್ನ ಬದಲಿ ನಾ 'ಓ' ಅಂದೆ ಯವ್ವಾ. ಕರದಾಗೊಮ್ಮೆ 'ಓ' ಅಂದೆ. ಮತ್ತೇನು ಮಾಡಬೇಕೋ ತಿಳೀಲಿಲ್ಲ."

ಬಾಳವ್ವ ಅವನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಒಂಬತ್ತು ವರ್ಷ ಆತು. ಬಂದಾವ್ರೆಲ್ಲ ನಕ್ಕೋಂತ ಹೋದ ಅಂದ್ರು. ನನ್ನ ನೆನಪ ಇಲ್ಲದ ಹ್ಯಾಂಗ ಹೋದ್ಯೋ ಅಂತ ನಾ ಅವನ ಮ್ಯಾಲ ಸಿಟ್ಟಾಗಿದ್ದೆ ತಮ್ಮಾ. ಯಾರ ಮುಂದೂ ಹೇಳಲಿಲ್ಲ." ಹಾಗೆಂದವಳು ಬಾಯಿ ತೆರೆದು ಅತ್ತಳು. ಲಗಮಪ್ಪನೂ ಅತ್ತ. ಹಾದು ಹೋದ ಬಸ್ಸಿನವರು ಕಿಟಕಿಯಿಂದ ಇಬ್ಬರನ್ನೂ ನೋಡಿದರು.

ಕಲ್ಲಿನ ಮೇಲಿನ ಆ ಸಾಲನ್ನು ಅಳಿಸಿಹಾಕಬೇಕು ಎಂದು ಲಗಮಪ್ಪ ನಿರ್ಧಾರ ಮಾಡಿದ. ಬಾಳವ್ವನನ್ನು ಕೇಳಿದ. "ಊರವ್ರು ಪ್ರೀತಿಲೆ ಬರಸ್ಯಾರ, ಇರಲಿ ಬಿಡು" ಎಂದು ಅವಳು ಕಣ್ಣೊರೆಸಿಕೊಂಡಳು.

ವಾರದ ಮೇಲೆ ಆರು ಮಂದಿ ಹುಡುಗರು ಕಲ್ಲಿನ ಬಳಿಗೆ ಬಂದರು. ಫೌಜಿನ ಭರ್ತಿಗೆ ಹೊರಟವರು. ಒಬ್ಬ ಆ ಸಾಲನ್ನು ಗಟ್ಟಿಯಾಗಿ ಓದಿದ. ಎಲ್ಲರೂ ಸೆಲ್ಯೂಟ್ ಹೊಡೆದು ಬಸ್ಸು ಹತ್ತಿದರು. ಲಗಮಪ್ಪ ಕೊಡ ಹಿಡಿದು ನೋಡುತ್ತ ನಿಂತ.

ಮಠಕ್ಕೆ ಬಂದವನೇ ಅಜ್ಜನ ಮುಂದೆ ಕೂತ.

"ಯಪ್ಪಾ, ಬಾಳವ್ವ ಇರಲಿ ಅಂತಾಳ. ಖರೆ, ನಾಳೆ ಗುಂಡಿನ ಮುಂದ ಆ ಹುಡುಗರ ಕೈ ನಡುಗಿದ್ವು ಅಂದ್ರ? ತಾವು ಹೇಡಿಗೋಳು ಅಂದ್ಕೋತಾರ್ರಿ. ಭೀಮಶಿ ಅಂಜಿದ್ದ. ಅಂಜಿದ್ರೂ ಹತ್ತಿದ. ಅದು ಆ ಕಲ್ಲಿನ ಮ್ಯಾಲ ಎಲ್ಲೂ ಇಲ್ಲ."

"ಕೆಳಗ ಬರಿಯಾಕ ಜಾಗಾ ಐತೇನು?"

"ಇಲ್ರಿ. ಊರ ಪಂಚರ ಹೆಸರು ತುಂಬ್ಯಾವ."

"ಬಾಜೂಕ?"

"ಬಾಜೂಕ ಕಟ್ಟಿ ಐತ್ರಿ. ಖಾಲಿ ಕಟ್ಟಿ."

ಅಜ್ಜ ಅವನ ಹೆಗಲ ಮೇಲೆ ಕೈ ಇಟ್ಟರು.

"ಹಂಗಾರ ಅಲ್ಲಿ ನೀ ಕುಂದ್ರು ತಮ್ಮಾ."