ಕೆಂಚಮ್ಮನ ಗಂಟಲು ಕಟ್ಟಿದ ದಿನ

ಮಕ್ಕಳೇ, ದೊಡ್ಡದೊಂದು ಕಾಡಿನ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಬಂಡೆಗಳ ಸಂದಿಯಲ್ಲಿ ನುಗ್ಗಿ ಬರುವ ಆ ಹೊಳೆ ಒಂದು ಕಡೆ ಅಗಲವಾಗಿ, ಆಳವಾಗಿ ನಿಂತು ಮಡುವಾಗಿತ್ತು. ಮಡುವಿನ ದಂಡೆಯಲ್ಲಿ, ಹಳೆಯ ಮರವೊಂದರ ಬೇರುಗಳ ಕೆಳಗೆ, ಕೆಂಚಮ್ಮ ಎಂಬ ನೀರುನಾಯಿ ಬಿಲ ಮಾಡಿಕೊಂಡಿದ್ದಳು.

ಅವಳಿಗೆ ಉಳಿದದ್ದು ನುಣ್ಣಿ ಎಂಬ ಒಬ್ಬಳೇ ಮಗಳು. ನುಣ್ಣಿಯ ಜೊತೆ ಹುಟ್ಟಿದ ಮರಿಗಳನ್ನೆಲ್ಲ ಮಳೆಗಾಲದ ನೆರೆ ಕೊಚ್ಚಿಕೊಂಡು ಹೋಗಿತ್ತು.

ಅಂದಿನಿಂದ ಕೆಂಚಮ್ಮನಿಗೆ ನೆಮ್ಮದಿ ಎಂಬುದೇ ಇರಲಿಲ್ಲ. ಮೀನು ಹಿಡಿದರೆ ಅದರ ಮುಳ್ಳು ಬಿಡಿಸಿ, ತುಂಡು ಮಾಡಿ, ಮಗಳ ಬಾಯಿಗೇ ಇಡುತ್ತಿದ್ದಳು. ಮಗಳು ತಿಂದು ಮಿಕ್ಕಿದರೆ ತಾನು ತಿನ್ನುತ್ತಿದ್ದಳು. ನುಣ್ಣಿ ನೀರಿಗಿಳಿದರೆ ಸಾಕು, ಬಂಡೆಯ ಮೇಲೆ ನಿಂತು ಕೂಗಲು ಶುರು.

"ಎಡಕ್ಕೆ ತಿರುಗು! ಅಯ್ಯೋ, ಅಲ್ಲಿ ಸುಳಿ ಇದೆ, ಬಲಕ್ಕೆ ಬಾ! ಬಾಲ ಯಾಕೆ ಹಾಗೆ ಎತ್ತಿದ್ದೀಯಾ? ಈಗ ಉಸಿರು ತಗೋ. ಹಾಂ, ಈಗ ಮುಳುಗು!"

ನುಣ್ಣಿ ಬೆಳೆದು ಹೆಚ್ಚುಕಡಿಮೆ ಅಮ್ಮನಷ್ಟೇ ಆದಳು. ಕೂಗು ಮಾತ್ರ ನಿಲ್ಲಲಿಲ್ಲ.

"ಅಮ್ಮಾ, ಇವತ್ತು ಒಂದು ಮೀನು ನಾನೇ ಹಿಡಿಯಲಾ?"

"ಮುಳ್ಳು ಗಂಟಲಿಗೆ ಸಿಕ್ಕಿಕೊಂಡರೆ?"

"ಹೋಗಲಿ, ಏಡಿ?"

"ಕಚ್ಚುತ್ತೆ."

"ಹಾಗಾದರೆ ನಾನೇನು ಮಾಡಲಿ?"

"ನಾನು ಹೇಳಿದಷ್ಟು ಮಾಡು, ಸಾಕು."

ಹೀಗೆ ಕೇಳಿ ಕೇಳಿ, ಕೊನೆಗೆ ನುಣ್ಣಿ ಕೇಳುವುದನ್ನೇ ಬಿಟ್ಟಳು. ಈಜುವಾಗಲೂ ಅವಳು ನೀರನ್ನು ನೋಡುತ್ತಿರಲಿಲ್ಲ, ಅಮ್ಮನ ಬಾಯನ್ನು ನೋಡುತ್ತಿದ್ದಳು.

ಆ ಮಡುವಿನಲ್ಲೇ ಚಿಪ್ಪಜ್ಜಿ ಎಂಬ ಮುದಿ ಆಮೆಯೂ ಇದ್ದಳು. ಬಿದ್ದ ಮರದ ಮೇಲೆ ಬಿಸಿಲು ಕಾಯಿಸುತ್ತಾ ಅವಳು ಒಂದು ದಿನ ಕೆಂಚಮ್ಮನನ್ನು ಕರೆದಳು.

"ಏನೇ ಕೆಂಚಮ್ಮ, ನಿನ್ನ ಮೈ ಒಮ್ಮೆ ನೋಡಿಕೊಂಡಿದ್ದೀಯಾ? ಎಲುಬೆಲ್ಲ ಕಾಣುತ್ತಿದೆ. ಸ್ವಲ್ಪ ಹೊತ್ತು ಮಲಗಬಾರದಾ?"

"ಮಲಗಿದರೆ ಅವಳನ್ನು ನೋಡಿಕೊಳ್ಳುವವರು ಯಾರಜ್ಜಿ?"

"ನೋಡಿಕೋ, ಬೇಡ ಅಂದವರು ಯಾರು? ಆದರೆ ಅವಳ ಈಜನ್ನೂ ನೀನೇ ಈಜುತ್ತಿದ್ದೀಯಲ್ಲ!"

ಕೆಂಚಮ್ಮನಿಗೆ ರೇಗಿಹೋಯಿತು. "ನೀನು ಮರಳಿನಲ್ಲಿ ಮೊಟ್ಟೆಯಿಟ್ಟು ತಿರುಗಿಯೂ ನೋಡದೆ ಬರುವವಳು. ಮಕ್ಕಳ ಚಿಂತೆ ನಿನಗೇನು ಗೊತ್ತು?"

ಚಿಪ್ಪಜ್ಜಿ ತಲೆ ಒಳಗೆಳೆದುಕೊಂಡಳು. ಚಿಪ್ಪಿನೊಳಗಿಂದ ಅವಳ ದನಿ ಬಂತು. "ಅದೂ ನಿಜವೇ. ನನ್ನ ಮಕ್ಕಳಲ್ಲಿ ಎಷ್ಟು ಬದುಕಿದವೋ ನನಗೆ ಗೊತ್ತಿಲ್ಲ. ನನ್ನ ಹಾಗೆ ಮಾಡು ಅಂತ ನಾನು ಹೇಳಲಿಲ್ಲ, ತಾಯಿ."

ಬೇಸಿಗೆ ಬಂತು. ಹೊಳೆಯ ಕೆಳಗಿನ ಹರಿವು ಬತ್ತಿ, ಅಲ್ಲಿದ್ದ ಮೊಸಳೆಯೊಂದು ಈ ಮಡುವಿಗೆ ಬಂದು ಸೇರಿಕೊಂಡಿತು. ಕೆಂಚಮ್ಮನ ಕೂಗು ಇನ್ನೂ ಹೆಚ್ಚಾಯಿತು. ಬೆಳಗಿನಿಂದ ಸಂಜೆಯವರೆಗೆ ಕೂಗಿದಳು. ನಿದ್ದೆಯಲ್ಲೂ "ಎಡಕ್ಕೆ, ಬಲಕ್ಕೆ" ಎಂದು ಕನವರಿಸಿದಳು. ಒಂದು ಬೆಳಿಗ್ಗೆ ಅವಳ ಗಂಟಲು ಪೂರ್ತಿ ಕಟ್ಟಿಹೋಯಿತು.

ಅದು ಗೊತ್ತಾದದ್ದು ನುಣ್ಣಿ ಮಡುವಿನ ನಡುವೆ ಇದ್ದಾಗ. ಮರದ ದಿಮ್ಮಿಯ ಹಾಗೆ ಏನೋ ಅವಳ ಕಡೆಗೆ ತೇಲಿ ಬರುತ್ತಿತ್ತು. ಕೆಂಚಮ್ಮ ಬಾಯಿ ತೆರೆದಳು. ಬರೀ ಗಾಳಿ ಬಂತು.

ಮೊಸಳೆಯನ್ನು ನುಣ್ಣಿಯೂ ಕಂಡಳು. ಪಕ್ಕದಲ್ಲೇ ಎರಡು ಬಂಡೆಗಳಿದ್ದವು. ನಡುವಿನ ಸಂದಿ ನೀರುನಾಯಿ ನುಸುಳುವಷ್ಟು ಅಗಲ, ಮೊಸಳೆಗೆ ಮೂತಿ ತೂರಿಸಲೂ ಆಗದಷ್ಟು ಇಕ್ಕಟ್ಟು. ಆದರೆ ನುಣ್ಣಿ ಅತ್ತ ಹೋಗಲಿಲ್ಲ. ನೀರಿನಲ್ಲಿ ನಿಂತಲ್ಲೇ ನಿಂತು ಅಮ್ಮನ ಬಾಯನ್ನೇ ನೋಡಿದಳು.

"ಏನಮ್ಮಾ? ಕೇಳಿಸುತ್ತಿಲ್ಲ! ಎಡಕ್ಕಾ, ಬಲಕ್ಕಾ?"

ಕೆಂಚಮ್ಮ ನೀರಿಗೆ ಹಾರಿದಳು. ಸೊರಗಿದ ಮೈಯಲ್ಲಿ ಉಳಿದಿದ್ದ ಬಲವನ್ನೆಲ್ಲ ಒಟ್ಟು ಮಾಡಿ ಈಜಿ, ಮೊಸಳೆ ಬಾಯಿ ತೆರೆಯುವಷ್ಟರಲ್ಲಿ ಮಗಳನ್ನು ಪಕ್ಕಕ್ಕೆ ತಳ್ಳಿದಳು. ಮೊಸಳೆಯ ಹಲ್ಲು ಅವಳ ಹಿಂಗಾಲನ್ನು ಸಿಗಿದುಹಾಕಿತು. ಹೇಗೋ ಕೊಸರಿಕೊಂಡಳು, ಆದರೆ ಈಜಲು ಆಗಲಿಲ್ಲ. ನೀರು ಕೆಂಪಾಯಿತು.

ನುಣ್ಣಿ ಅಮ್ಮನ ಮುಖ ನೋಡಿದಳು. ಅಮ್ಮನ ಕಣ್ಣು ಮುಚ್ಚಿತ್ತು. ಹೇಳುವವರು ಯಾರೂ ಇರಲಿಲ್ಲ. ಮೊಸಳೆ ಮತ್ತೆ ತಿರುಗುತ್ತಿತ್ತು.

ನುಣ್ಣಿ ಅಮ್ಮನ ಕುತ್ತಿಗೆಯ ಚರ್ಮವನ್ನು ಕಚ್ಚಿ ಹಿಡಿದು, ಎಳೆದುಕೊಂಡು, ಬಂಡೆಯ ಸಂದಿಗೆ ನುಗ್ಗಿದಳು. ಮೊಸಳೆ ಬಂಡೆಗೆ ಮೂತಿ ಬಡಿದುಕೊಂಡು ಹಿಂದೆ ಸರಿಯಿತು. ಅದು ದೂರ ಹೋದ ಮೇಲೆ ಇಬ್ಬರೂ ಮೆಲ್ಲಗೆ ದಂಡೆ ಹತ್ತಿದರು.

ಬಿಲದಲ್ಲಿ ಕೆಂಚಮ್ಮ ಗಾಯ ನೆಕ್ಕಿಕೊಳ್ಳುತ್ತಾ ಬಿದ್ದಿದ್ದಳು. ಹೊಟ್ಟೆ ಹಸಿದಿತ್ತು. ನುಣ್ಣಿ ಒಳಗೆ ಹೊರಗೆ ಓಡಾಡಿದಳು.

"ಅಮ್ಮಾ, ನಾನೀಗ ಏನು ಮಾಡಲಿ?"

ಕೆಂಚಮ್ಮನಿಗೆ ಮಾತು ಬರಲಿಲ್ಲ. ನುಣ್ಣಿ ಕಾದು ನೋಡಿ, ತಾನೇ ಹೊರಟುಹೋದಳು.

ಬಹಳ ಹೊತ್ತಿನ ಮೇಲೆ ಒಂದು ಏಡಿಯನ್ನು ಕಚ್ಚಿಕೊಂಡು ಬಂದಳು. ಏಡಿಗೆ ಅರ್ಧ ಕಾಲುಗಳಿರಲಿಲ್ಲ. ನುಣ್ಣಿಯ ಮೂಗಿನಿಂದ ರಕ್ತ ಬರುತ್ತಿತ್ತು.

"ಕಚ್ಚಿತು," ಎಂದಳು ನುಣ್ಣಿ. "ಹಿಂದಿನಿಂದ ಹಿಡಿಯಬೇಕಮ್ಮಾ. ಮುಂದಿನಿಂದ ಹಿಡಿದರೆ ಹೀಗಾಗುತ್ತೆ."

ಕೆಂಚಮ್ಮನಿಗೆ ಎದ್ದು ಮಗಳ ಮೂಗು ನೋಡಬೇಕು, ಬೈಯಬೇಕು, ಇನ್ನು ಮೇಲೆ ಹೊರಗೆ ಕಾಲಿಡಬೇಡ ಎನ್ನಬೇಕು ಎನ್ನಿಸಿತು. ಆದರೆ ಅವಳು ಬಹಳ ದಣಿದಿದ್ದಳು. ಮಗಳು ತಂದ ಏಡಿಯನ್ನು ಸುಮ್ಮನೆ ತಿಂದಳು.

ಗಾಯ ಮಾಯಲು ತಡವಾಯಿತು. ಅಷ್ಟರಲ್ಲಿ ಎಷ್ಟೋ ಮೀನುಗಳು ನುಣ್ಣಿಯಿಂದ ತಪ್ಪಿಸಿಕೊಂಡವು, ಕೆಲವನ್ನು ಅವಳು ಹಿಡಿದಳು. ಬರಿಗೈಯಲ್ಲಿ ಬಂದ ದಿನ ಇಬ್ಬರೂ ಹಸಿದೇ ಮಲಗಿದರು.

ಕೊನೆಗೆ ಕೆಂಚಮ್ಮ ಕುಂಟುತ್ತಾ ಹೊರಗೆ ಬಂದಳು. ದನಿಯೂ ಬಂದಿತ್ತು. ನುಣ್ಣಿ ನೀರಿನ ಅಂಚಿನಲ್ಲಿ ನಿಂತಿದ್ದಳು. ಅಮ್ಮ ಬಂದದ್ದೇ ತಡ, ಹಳೆಯ ಅಭ್ಯಾಸದಂತೆ ಕೇಳಿದಳು.

"ಅಮ್ಮಾ, ಎಲ್ಲಿ ಇಳಿಯಲಿ?"

ಉತ್ತರ ಕೆಂಚಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಮೊಸಳೆ ಮುಳುಗಿದ್ದರೆ ಒಮ್ಮೊಮ್ಮೆ ನೀರಿನ ಮೇಲೆ ಗುಳ್ಳೆ ಏಳುತ್ತೆ. ಅದನ್ನು ಗಮನಿಸು. ಇಳಿಯುವ ಜಾಗ ನೀನೇ ನೋಡಿಕೋ. ಕರೆದರೆ ನಾನು ಇಲ್ಲೇ ಇರುತ್ತೇನೆ."

ನುಣ್ಣಿ ಅಮ್ಮನ ಮುಖದಿಂದ ಕಣ್ಣು ತೆಗೆದು ನೀರಿನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಕೆಂಚಮ್ಮ ಇಳಿಸುತ್ತಿದ್ದ ಜಾಗ ಬಿಟ್ಟು, ನೀರು ತಿಳಿಯಾಗಿದ್ದ ಇನ್ನೊಂದು ಕಡೆ ಇಳಿದಳು.

ಕೆಂಚಮ್ಮ ನೀರಿನ ಕಡೆ ಒಂದು ಹೆಜ್ಜೆ ಇಟ್ಟಳು. ಆದರೂ ಅವಳು ಕೂಗಲಿಲ್ಲ. ಬಿಸಿ ಮರಳಿನ ಮೇಲೆ ಮೈಚಾಚಿ, ಮಗಳ ತಲೆ ಮುಳುಗುವುದನ್ನು, ಏಳುವುದನ್ನು, ಮತ್ತೆ ಮುಳುಗುವುದನ್ನು ನೋಡುತ್ತಾ ಇದ್ದಳು. ನೋಡುತ್ತಾ ನೋಡುತ್ತಾ ಅವಳಿಗೆ ಯಾವಾಗ ನಿದ್ದೆ ಹತ್ತಿತೋ ಗೊತ್ತಾಗಲಿಲ್ಲ.

ನುಣ್ಣಿ ದೊಡ್ಡ ಮೀನೊಂದನ್ನು ಎಳೆದುಕೊಂಡು ದಂಡೆಗೆ ಬಂದಳು. ಅಮ್ಮ ಬಾಯಿ ಅರ್ಧ ತೆರೆದು ಗೊರಕೆ ಹೊಡೆಯುತ್ತಿದ್ದಳು. ಹಾಗೆ ನಿದ್ದೆ ಮಾಡುವ ಅಮ್ಮನನ್ನು ನುಣ್ಣಿ ಯಾವತ್ತೂ ಕಂಡಿರಲಿಲ್ಲ. ತನ್ನ ಪಾಲು ತಿಂದು, ಉಳಿದದ್ದನ್ನು ಅಮ್ಮನ ಹತ್ತಿರ ನೆರಳಿನಲ್ಲಿಟ್ಟಳು. ಅವಳನ್ನು ಎಬ್ಬಿಸಲಿಲ್ಲ.

ನೀತಿ: ಹೆತ್ತವರು ಮಕ್ಕಳಿಗೆ ಅಪಾಯ ಯಾವುದೆಂದು ತಿಳಿಸಬೇಕು, ಕರೆದರೆ ಸಿಗುವಷ್ಟು ಹತ್ತಿರ ಇರಬೇಕು, ಆದರೆ ಮಕ್ಕಳು ತಾವೇ ಯೋಚಿಸಿ ಮಾಡಬೇಕಾದ್ದನ್ನು ಅವರ ಕೈಯಿಂದ ಕಿತ್ತುಕೊಳ್ಳಬಾರದು.