ಭೇದವೆಣಿಸದ ಸೌಟು

ಸಿಗಡಿ ತಿಂದು ತುಟಿ ಊದಿಸಿಕೊಂಡಿದ್ದ ಸುಪ್ರಭಾಳ ರಕ್ತಪರೀಕ್ಷೆಯ ವರದಿಯನ್ನು ತಾಯಿ ಗುಲಾಬಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ಅಂದಿನಿಂದ ಹುಡುಗಿ ಸಿಗಡಿ ಬಿಟ್ಟಳು. ತುಟಿ ಮಾತ್ರ ಆಗಾಗ ಊದುತ್ತಲೇ ಇತ್ತು.

ಒಂದು ಮಧ್ಯಾಹ್ನ ಸೌಟು ವರದಿಯನ್ನು ಕೆಣಕಿತು: “ಅಯ್ಯಾ, ನೀನು ಬರೆದದ್ದು ಸುಳ್ಳು. ಸಿಗಡಿ ಮುಟ್ಟದಿದ್ದರೂ ನಿನ್ನೆ ಅವಳು ಉಸಿರಿಗೆ ಒದ್ದಾಡಿದಳು.”

“ಅವಳ ರಕ್ತ ಹೇಳಿದ್ದನ್ನೇ ಬರೆದಿದ್ದೇನೆ. ಸಿಗಡಿ ಅವಳಿಗೆ ಆಗದು,” ಎಂದಿತು ವರದಿ. “ನಿನ್ನೆ ಅವಳು ಉಂಡದ್ದೇನು?”

“ಬರೀ ಬೇಳೆಸಾರು ಅನ್ನ. ನಾನೇ ಬಡಿಸಿದೆ.”

“ಅದಕ್ಕೆ ಮುಂಚೆ ನೀನು ಎಲ್ಲಿದ್ದೆ?”

“ಉಳಿದವರಿಗೆ ಮಾಡಿದ ಸಿಗಡಿ ಗಸಿಯಲ್ಲಿ. ಆ ಪಾತ್ರೆ ಈ ಪಾತ್ರೆ ಎಂಬ ಭೇದ ನನಗಿಲ್ಲ. ಅದೇ ನನ್ನ ಹೆಚ್ಚುಗಾರಿಕೆ...” ಎನ್ನುತ್ತಿದ್ದ ಸೌಟು ತಟ್ಟನೆ ತನ್ನ ಮೈಯನ್ನೇ ನೋಡಿಕೊಂಡಿತು.



ಅಷ್ಟರಲ್ಲಿ ಗುಲಾಬಿ ಬಂದು, ಸೌಟಿನಿಂದ ಅಂದಿನ ಸಿಗಡಿ ಗಸಿ ತಿರುವಿ, ಸೌಟನ್ನು ತೊಳೆಯದೆ ಹಾಗೇ ಬೇಳೆಸಾರಿನತ್ತ ಒಯ್ದಳು. ಸೌಟು ಅವಳ ಕೈಯಿಂದ ಜಾರಿ ಠಣ್ಣನೆ ನೆಲಕ್ಕೆ ಬಿತ್ತು. ಅವಳು ಗೊಣಗುತ್ತ ಬೇರೊಂದು ಸೌಟು ತೆಗೆದುಕೊಂಡಳು.

ಬಡಿಸುವುದೇ ಬಾಳು ಎಂದುಕೊಂಡಿದ್ದ ಸೌಟು ಅಂದು ನೆಲದ ಮೇಲೇ ಉಳಿಯಿತು. ಸುಪ್ರಭಾ ನೆಮ್ಮದಿಯಾಗಿ ಉಂಡು ಎದ್ದಳು.