ಮುಂದಿನ ಪಾಳಿಯವರ ಫೋಟೋ

ಗದಗದಲ್ಲಿ ಗುರುಶಾಂತಪ್ಪ ಎಂಬ ಕ್ಯಾಮೆರಾ ವ್ಯಾಪಾರಿ ಇದ್ದ. ಅವನ ಅಂಗಡಿಯಲ್ಲಿ ತಂದೆಯ ಕಾಲದಿಂದ ಬಂದ ಒಂದು ಪದ್ಧತಿ ಇತ್ತು. ಯಾರೇ ಹೊಸ ಕ್ಯಾಮೆರಾ ಕೊಂಡರೂ ಅದರಲ್ಲಿ ತೆಗೆಯುವ ಮೊದಲ ಫೋಟೋ ಹೆಂಡತಿಯದಲ್ಲ, ಮಕ್ಕಳದಲ್ಲ, ದೇವರದೂ ಅಲ್ಲ. ತಮ್ಮ ನಂತರ ಯಾರು ಕ್ಯಾಮೆರಾಕ್ಕಾಗಿ ಕಾಯುತ್ತಿದ್ದಾರೋ ಅವರದು.

ಆ ಫೋಟೋವನ್ನು ಅಂಗಡಿಯಲ್ಲೇ ಪ್ರಿಂಟ್ ಮಾಡಿ ಹಣದ ಗಲ್ಲೆಯ ಪಕ್ಕದ ಮರದ ಚೌಕಟ್ಟಿಗೆ ಹಾಕುತ್ತಿದ್ದರು. ಚೌಕಟ್ಟು ಒಂದೇ. ಅದರಲ್ಲಿ ಯಾರ ಮುಖ ಇದೆಯೋ ಮುಂದಿನ ಕ್ಯಾಮೆರಾ ಅವರಿಗೆ. ತಮ್ಮ ಪಾಳಿ ಬಂದಾಗ ಅವರು ಚೌಕಟ್ಟಿನಿಂದ ತಮ್ಮ ಫೋಟೋ ಬಿಡಿಸಿಕೊಂಡು, ಮುಂದಿನವರ ಫೋಟೋ ತೆಗೆದು ಅಲ್ಲಿ ಸೇರಿಸಿ, ಕ್ಯಾಮೆರಾ ಹಿಡಿದು ಮನೆಗೆ ಹೋಗಬೇಕು. ಹಿಂದೆ ವರ್ಷಕ್ಕೆ ಒಂದೆರಡು ಕ್ಯಾಮೆರಾ ಬರುತ್ತಿದ್ದ ಕಾಲದಲ್ಲಿ ಗಿರಾಕಿಗಳ ಜಗಳ ಬಿಡಿಸಿ ಬಿಡಿಸಿ ಸಾಕಾಗಿ ಗುರುಶಾಂತಪ್ಪನ ತಂದೆ ಈ ಪದ್ಧತಿ ಹಾಕಿದ್ದ. ಜಗಳ ನಿಂತವು. ಪದ್ಧತಿ ಉಳಿಯಿತು.

ಒಂದು ವರ್ಷ ಹೊಸ ನಮೂನೆಯ ಕ್ಯಾಮೆರಾ ಬಂತು. ಮಂದ ಬೆಳಕಿನಲ್ಲೂ ಅದು ಮುಖವನ್ನು ಸ್ಪಷ್ಟವಾಗಿ ಹಿಡಿಯುತ್ತಿತ್ತು. ಫ್ಲ್ಯಾಶ್ ಬೇಕಿರಲಿಲ್ಲ. ಗುಂಡಿ ಒತ್ತಿದರೆ ಸಣ್ಣ ಸದ್ದು ಕೂಡ ಇಲ್ಲ. ಬಂತು ಅನ್ನುವುದು ಮಾತಿಗೆ ಮಾತ್ರ. ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದೇ ಕಡಿಮೆ. ಹುಬ್ಬಳ್ಳಿಯ ವಿತರಕ ವಸಂತರಾಯರ ಗೋದಾಮಿಗೆ ಬರುವಷ್ಟರಲ್ಲಿ ಅದು ಬೊಗಸೆಯಷ್ಟಾಗುತ್ತಿತ್ತು. ಅವರು ಸುತ್ತಲಿನ ಊರುಗಳ ಅಂಗಡಿಗಳಿಗೆಲ್ಲ ಹಂಚಿದ ಮೇಲೆ ಗುರುಶಾಂತಪ್ಪನ ಪಾಲಿಗೆ ತಿಂಗಳಿಗೊಂದು ಸಿಕ್ಕರೆ ಪುಣ್ಯ.

ಬೇರೆ ಅಂಗಡಿಗಳಲ್ಲಿ ಬಾಯಿ ಜೋರು ಇದ್ದವರಿಗೆ ಮೊದಲು ಸಿಗುತ್ತಿತ್ತು. ಆದ್ದರಿಂದ ಜನ ಯಾರನ್ನೂ ನಂಬದೆ ಸಿಕ್ಕ ಸಿಕ್ಕ ಅಂಗಡಿಯಲ್ಲೆಲ್ಲ ಹೆಸರು ಹೇಳಿ, ದಿನಬೆಳಗಾದರೆ ಹೋಗಿ ತಕರಾರು ತೆಗೆಯುತ್ತಿದ್ದರು. ಗುರುಶಾಂತಪ್ಪನ ಅಂಗಡಿಗೆ ಬಂದವರು ಮಾತ್ರ ಚೌಕಟ್ಟಿನ ಕಡೆ ಒಮ್ಮೆ ನೋಡಿ, ಚಹಾ ಕುಡಿದು, ಸುಮ್ಮನೆ ಹೋಗುತ್ತಿದ್ದರು. ಅವನಿಗೆ ಇದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಹೆಮ್ಮೆ ಇದ್ದಲ್ಲಿ ಪರೀಕ್ಷೆ ಬರಲು ತಡವಾಗುವುದಿಲ್ಲ.

ಆಗ ಚೌಕಟ್ಟಿನಲ್ಲಿದ್ದದ್ದು ದಾಕ್ಷಾಯಣಿಯ ಫೋಟೋ. ಹಲ್ಲು ಕಾಣುವಂತೆ ನಗುತ್ತಿದ್ದ ಫೋಟೋ. ಅವಳದು ದೊಡ್ಡಾಸ್ಪತ್ರೆಯ ಎದುರಿಗೆ ಒಂದು ಸಣ್ಣ ಸ್ಟುಡಿಯೋ. ಆಧಾರ್ ಕಾರ್ಡಿಗೆ, ಪಾಸ್‌ಬುಕ್ಕಿಗೆ ಫೋಟೋ ತೆಗೆಯುವುದು ಹೊಟ್ಟೆಪಾಡು. ಅದರ ಜೊತೆ ಅವಳಿಗೆ ಇನ್ನೊಂದು ಕೆಲಸವಿತ್ತು, ಯಾರೂ ಹೇಳದೆ ತಾನೇ ಹಚ್ಚಿಕೊಂಡದ್ದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೊಟ್ಟೆ ಕೊಯ್ದು ಹೆರಿಗೆಯಾದ ತಾಯಿ ಮೇಲಿನ ಮಹಡಿಯಲ್ಲಿ ಮಲಗಿರುತ್ತಾಳೆ. ಕೂಸನ್ನು ಮೇಲೆ ತರುವಂತಿಲ್ಲ, ತಾಯಿ ಕೆಳಗೆ ಇಳಿಯುವಂತಿಲ್ಲ. ದಾಕ್ಷಾಯಣಿ ಕೂಸಿನ ಫೋಟೋ ತೆಗೆದು ಮೇಲೆ ಒಯ್ದು ತಾಯಿಗೆ ತೋರಿಸುತ್ತಿದ್ದಳು. ಡಾಕ್ಟರು ಒಪ್ಪಿದ್ದರು, ಆದರೆ ಕೋಣೆಯ ಹೊರಗೆ ಗಾಜಿನ ಆಚೆ ನಿಂತೇ ತೆಗೆಯಬೇಕು, ಫ್ಲ್ಯಾಶ್ ಹಾಕಬಾರದು, ಸದ್ದಾಗಬಾರದು ಎಂದಿದ್ದರು.

ಅವಳ ಹಳೆಯ ಕ್ಯಾಮೆರಾದಿಂದ ಇದು ಸರಿಯಾಗಿ ಆಗುತ್ತಿರಲಿಲ್ಲ, ಫ್ಲ್ಯಾಶ್ ಇಲ್ಲದೆ ತೆಗೆದರೆ ಚಿತ್ರ ಕಪ್ಪಾಗುತ್ತಿತ್ತು. ಮೊಬೈಲಿನಲ್ಲಿ ತೆಗೆದರೆ ಗಾಜಿನಲ್ಲಿ ಕೂಸಿಗಿಂತ ಹೆಚ್ಚಾಗಿ ಅವಳ ಮುಖವೇ ಬರುತ್ತಿತ್ತು. ಆ ವಾರ ನೀಲಗಂಗಮ್ಮ ಎಂಬ ಬಾಣಂತಿಗೆ ಅವಳು ಹಳೆಯ ಕ್ಯಾಮೆರಾದ ಫೋಟೋ ತೋರಿಸಿದ್ದಳು. ನೀಲಗಂಗಮ್ಮ ಆ ಕಪ್ಪು ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ, "ಅಕ್ಕಾರ, ಇದರಾಗ ಮಕ ಯಾವ ಕಡೆ ಐತ್ರಿ?" ಎಂದು ಕೇಳಿದ್ದಳು. ದಾಕ್ಷಾಯಣಿ ಆ ಚಿತ್ರವನ್ನು ವಾಪಸು ತೆಗೆದುಕೊಂಡಿದ್ದಳು. "ನನ್ನ ಪಾಳಿ ಬಂದೈತ್ರಿ. ಹೊಸಾ ಕ್ಯಾಮೆರಾ ಬಂದ ದಿನಾನ ನಿಮ್ಮ ಕೂಸಿನ ಮಕ ತೋರಸ್ತೀನಿ" ಎಂದು ಮಾತು ಕೊಟ್ಟು ಬಂದಿದ್ದಳು.

ಕ್ಯಾಮೆರಾ ಬರುವ ಹಿಂದಿನ ದಿನ ವಸಂತರಾಯರು ಗುರುಶಾಂತಪ್ಪನಿಗೆ ಫೋನ್ ಮಾಡಿದರು.

"ಗುರುಶಾಂತಪ್ಪನವರ, ಈ ಸಲ ನಿಮಗ ಒಂದ ಕಳಸೇನಿ. ಅದನ್ನ ನಿಮ್ಮೂರಿನ ಫಕ್ಕೀರೇಶಗ ಕೊಟ್ಟುಬಿಡ್ರಿ. ಮದವಿ ಫೋಟೋ ತಗಿಯೂ ಸ್ಟುಡಿಯೋದಾವ, ನಮ್ಮ ದೊಡ್ಡ ಗಿರಾಕಿ. ಇಲ್ಲ ಅನ್ನಾಕ ಆಗೂದಿಲ್ಲ ನನಗ."

"ರಾಯರ, ಇಲ್ಲೆ ಪಾಳಿ ಅದಾವಲ್ರಿ."

"ಪಾಳಿ ಎಲ್ಲಿ ಓಡಿ ಹೋಗ್ತದ? ಈ ಸಲ ನನ್ನ ಮಾತು ನಡಸ್ರಿ, ಮುಂದಿನ ತಿಂಗಳ ಉಳದ ಅಂಗಡಿಗಿಂತ ನಿಮಗ ಹೆಚ್ಚು ಕಳಸ್ತೀನಿ. ನಿಮ್ಮ ಪಾಳಿಯವರಿಗೆಲ್ಲಾ ಲಗೂನ ಸಿಗ್ತಾವ."

ನೋಡಿ, ಪರೀಕ್ಷೆ ಕೆಟ್ಟ ಮುಖ ಹೊತ್ತು ಬಂದಿದ್ದರೆ ಗುರುಶಾಂತಪ್ಪ ಬಾಗಿಲಲ್ಲೇ ಗುರುತಿಸುತ್ತಿದ್ದ. ಯಾರಾದರೂ ಹೆಚ್ಚು ಹಣ ಕೊಡುತ್ತೇನೆ ಎಂದಿದ್ದರೆ ಅವರಿಗೆ ಎರಡು ಮಾತು ಬೈದು ಕಳಿಸುತ್ತಿದ್ದ. ಆದರೆ ಇದು ಎಲ್ಲರಿಗೂ ಒಳ್ಳೆಯದಾಗುವ ಮಾತು! ಒಬ್ಬಳು ಒಂದು ತಿಂಗಳು ಹಿಂದೆ ಸರಿದರೆ ಉಳಿದವರೆಲ್ಲ ಮುಂದೆ ಬರುತ್ತಾರೆ ಎಂದು ಅವನು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಆ ಒಬ್ಬಳನ್ನು ಒಂದು ಮಾತು ಕೇಳಬೇಕು ಅಂತ ಮಾತ್ರ ಅವನಿಗೆ ಹೊಳೆಯಲಿಲ್ಲ. ಹೊಳೆಯಿತೇನೋ, ಹೊಳೆಯದ ಹಾಗೆ ಇದ್ದುಬಿಟ್ಟ.

ಮರುದಿನ ಮಧ್ಯಾಹ್ನ ಹುಬ್ಬಳ್ಳಿಯ ವ್ಯಾನು ಬಂತು. ಹಿಂದೆಯೇ ಫಕ್ಕೀರೇಶನೂ ಬಂದ. ಅವನು ಕೆಟ್ಟವನೇನಲ್ಲ. ನಗುನಗುತ್ತಾ ಮಾತಾಡುವ, ಗಡಿಬಿಡಿಯ ಮನುಷ್ಯ. ಎಲ್ಲ ವ್ಯವಹಾರ ಫೋನಿನಲ್ಲೇ ಮುಗಿಸುವವನಾದ್ದರಿಂದ ಈ ಅಂಗಡಿಯೊಳಗೆ ಕಾಲಿಟ್ಟದ್ದು ಕಡಿಮೆ. ಡಬ್ಬಿ ಬಿಚ್ಚುತ್ತಾ ಚೌಕಟ್ಟಿನ ಕಡೆ ನೋಡಿ ಕೇಳಿದ, "ಇವರು ಯಾರ್ರಿ ಕಾಕಾ?"

ಗುರುಶಾಂತಪ್ಪ ಗಲ್ಲೆಯ ಮೇಲಿಲ್ಲದ ಧೂಳು ಒರೆಸುತ್ತಾ ಹೇಳಿದ, "ಅದಾ? ಹಳೇ ಗಿರಾಕಿ."

ಇಷ್ಟೇ ಸುಳ್ಳು. ಯಾರಿಗೂ ತಾಗದ ಸುಳ್ಳು ಅಂತ ಅವನು ಅಂದುಕೊಂಡ. ಆದರೂ ಚೌಕಟ್ಟಿನ ಕಡೆ ಮತ್ತೆ ತಿರುಗಿ ನೋಡಲು ಅವನಿಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ದಾಕ್ಷಾಯಣಿ ಬಂದಳು. ವ್ಯಾನು ಆಸ್ಪತ್ರೆಯ ಮುಂದಿನ ರಸ್ತೆಯಲ್ಲೇ ಬರುತ್ತಿತ್ತು. ಅದನ್ನು ಕಂಡವಳೇ ಸ್ಟುಡಿಯೋದ ಬಾಗಿಲು ಎಳೆದು ಓಡಿ ಬಂದಿದ್ದಳು. ಏದುಸಿರು, ಮುಖದ ತುಂಬ ನಗು. ಬಂದವಳು ಬಿಚ್ಚಿದ ಡಬ್ಬಿ ನೋಡಿದಳು. ಫಕ್ಕೀರೇಶನ ಕೈಯಲ್ಲಿದ್ದ ಕ್ಯಾಮೆರಾ ನೋಡಿದಳು. ಗುರುಶಾಂತಪ್ಪನ ಕಡೆ ನೋಡಿದಾಗ ಅವನು ಇನ್ನೂ ಗಲ್ಲೆ ಒರೆಸುತ್ತಿದ್ದ.

ಅವಳು ಜಗಳ ತೆಗೆಯಲಿಲ್ಲ. ಚೌಕಟ್ಟಿನ ಕೆಳಗಿದ್ದ ಸ್ಟೂಲಿನ ಮೇಲೆ, ಮುಂದಿನ ಪಾಳಿಯವರು ಫೋಟೋ ತೆಗೆಸಿಕೊಳ್ಳಲು ಕೂರುವ ಜಾಗದಲ್ಲಿ, ಹೋಗಿ ಕುಳಿತಳು.

"ತಗೀರಿ ಅಣ್ಣಾರ" ಎಂದಳು ಫಕ್ಕೀರೇಶನಿಗೆ. "ಮೊದಲ್ನೇ ಫೋಟೋ ಮುಂದಿನವರದ ಆಗಬೇಕಲ್ರಿ. ನಾನ ಮುಂದಿನಾಕಿ."

ಫಕ್ಕೀರೇಶನಿಗೆ ಅರ್ಥವಾಗಲಿಲ್ಲ. ಆದರೂ ಮೊದಲ ಫೋಟೋದ ಪದ್ಧತಿ ಅಷ್ಟಿಷ್ಟು ಕೇಳಿ ಗೊತ್ತಿತ್ತು. ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದ. ಅಂಗಡಿಯ ಆ ಮೂಲೆಯಲ್ಲಿ ಬೆಳಕು ಕಡಿಮೆ. ಆದರೆ ಕ್ಯಾಮೆರಾ ಒಳ್ಳೆಯದಲ್ಲವೇ, ಎಲ್ಲವನ್ನೂ ಸ್ಪಷ್ಟವಾಗಿ ತೋರಿಸಿತು. ಮೇಲೆ ಚೌಕಟ್ಟಿನಲ್ಲಿ ನಗುತ್ತಿರುವ ಮುಖ. ಕೆಳಗೆ ಸ್ಟೂಲಿನ ಮೇಲೆ ಅದೇ ಮುಖ, ನಗು ಇಲ್ಲದೆ, ಕಣ್ಣಲ್ಲಿ ನೀರು ತಡೆದುಕೊಂಡು.

ಅವನ ಬೆರಳು ಗುಂಡಿಯ ಮೇಲೆ ನಿಂತಿತು. ಕ್ಯಾಮೆರಾ ಕೆಳಗಿಳಿಸಿ ಕೇಳಿದ, "ಕಾಕಾ, ಇವರು ಹಳೇ ಗಿರಾಕಿ ಅಂದ್ರಲ್ರಿ?"

ಗುರುಶಾಂತಪ್ಪ ಗಲ್ಲೆ ಒರೆಸುವುದನ್ನು ನಿಲ್ಲಿಸಿದ. ದಾಕ್ಷಾಯಣಿಯೇ ಹೇಳಿದಳು, "ನನ್ನ ಪಾಳಿ ಹ್ವಾದ್ರ ಹೋಗ್ಲಿರಿ ಕಾಕಾ. ಮ್ಯಾಲಿನ ವಾರ್ಡಿನ ನೀಲಗಂಗಮ್ಮಗ ಮಾತ್ರ ಏನ ಹೇಳ್ಲಿ, ಅದನ್ನ ನೀವ ಹೇಳಿಕೊಡ್ರಿ. ಕೂಸು ಹುಟ್ಟಿದಾಗಿಂದ ಆಕಿ ಇನ್ನಾ ಅದರ ಮಕ ನೋಡಿಲ್ಲ."

ಗುರುಶಾಂತಪ್ಪನಿಗೆ ನಾಚಿಕೆಯಾಯಿತು. ಅವಳು ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. "ವಸಂತರಾಯರು ಹೇಳಿದರು, ಮುಂದಿನ ತಿಂಗಳು ಹೆಚ್ಚು ಬರುತ್ತವೆ, ಎಲ್ಲರಿಗೂ ಒಳ್ಳೆಯದು" ಎಂದು ನಿನ್ನೆ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದನ್ನೂ ಆ ಸ್ಟೂಲಿನ ಎದುರು ನಿಂತು ಆಡಲು ಅವನಿಂದ ಆಗಲಿಲ್ಲ.

"ಫಕ್ಕೀರೇಶ, ತಪ್ಪು ನಂದು" ಎಂದ. "ಆ ಕ್ಯಾಮೆರಾ ಆಕೀದು. ನಿನಗ ಕೊಡೂ ಹಕ್ಕ ನನಗ ಇದ್ದಿದ್ದಿಲ್ಲ."

ಫಕ್ಕೀರೇಶನ ಮುಖ ಒಂದು ಗಳಿಗೆ ಸಪ್ಪಗಾಯಿತು. ಯಾರಿಗಾದರೂ ಆಗುತ್ತದೆ, ಕೈಗೆ ಬಂದದ್ದನ್ನು ಬಿಡುವುದು ಸುಲಭವೇನು? ಆದರೂ ಅವನು ಕ್ಯಾಮೆರಾದ ಪಟ್ಟಿಯನ್ನು ಕೊರಳಿನಿಂದ ತೆಗೆದು ದಾಕ್ಷಾಯಣಿಯ ಕೈಗೆ ಕೊಟ್ಟ.

"ತಗೋರಿ ಅಕ್ಕಾರ. ಈ ಫೋಟೋ ನನ್ನ ಕೈಲೆ ತಗ್ಯಾಕ ಆಗಂಗಿಲ್ಲ. ಕಾಕಾ, ನಂದೂ ಒಂದ ಪಾಳಿ ಹಚ್ಚ್ರಿ. ಎಲ್ಲಾರ ಹಿಂದ."

"ನೀ ಮದಲ ದವಾಖಾನಿಗೆ ಹೋಗವಾ" ಎಂದು ಗುರುಶಾಂತಪ್ಪ ದಾಕ್ಷಾಯಣಿಗೆ ಹೇಳಿದ. "ಮುಂದಿನವರ ಫೋಟೋ ನಾಳೆ ತಗದ್ರ ಆತು."

ಅವಳು ಕಣ್ಣೊರೆಸಿಕೊಂಡು ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ ಕಾಕಾ. ಅವರೂ ಕಾಯಾಕತ್ತಾರ. ಇವತ್ತ ನಾ ಬಿಟ್ಟು ಹ್ವಾದ್ರ ನಾಳೆ ಅವರನ್ನ ಇನ್ಯಾರೋ ಬಿಡ್ತಾರ. ಫೋನ್ ಹಚ್ಚ್ರಿ."

ಮುಂದಿನ ಪಾಳಿ ಇಮಾಮಸಾಬರದು. ಅದೇ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದು ಹೋಗುವ ಹಕ್ಕಿಗಳ ಹುಚ್ಚು ಹಿಡಿಸಿಕೊಂಡ ನಿವೃತ್ತ ಮಾಸ್ತರು. ಫೋನ್ ಹೋದದ್ದೇ ತಡ, ಸೈಕಲ್ ತುಳಿದುಕೊಂಡು ಬಂದರು. ಟೊಪ್ಪಿಗೆ ಸರಿಮಾಡಿಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕುಳಿತರು. ದಾಕ್ಷಾಯಣಿ ಹೊಸ ಕ್ಯಾಮೆರಾದ ಮೊದಲ ಫೋಟೋ ತೆಗೆದಳು. ಚೌಕಟ್ಟಿನಿಂದ ತನ್ನ ಫೋಟೋ ಬಿಡಿಸಿಕೊಂಡು, ಅವರದನ್ನು ಹಾಕಿ, ಓಡಿದಳು.

ಸಂಜೆ ಮೇಲಿನ ವಾರ್ಡಿನಲ್ಲಿ ನೀಲಗಂಗಮ್ಮ ಕ್ಯಾಮೆರಾದ ಹಿಂದಿನ ಪರದೆಯನ್ನು ಬಹಳ ಹೊತ್ತು ನೋಡಿದಳು. ಮುಷ್ಟಿ ಬಿಗಿದು ಮಲಗಿದ್ದ ಕೂಸಿನ ಕಣ್ಣು, ಮೂಗು, ತುಟಿ ಎಲ್ಲ ಎದ್ದು ಕಾಣುತ್ತಿದ್ದವು. ಈ ಸಲ ಅವಳು ಮುಖ ಯಾವ ಕಡೆ ಎಂದು ಕೇಳಲಿಲ್ಲ. ಪರದೆಯ ಮೇಲೆ ಮೆಲ್ಲಗೆ ಬೆರಳಾಡಿಸಿ, "ಮೂಗು ಥೇಟ್ ನಮ್ಮತ್ತೀದ!" ಎಂದು ಹುಸಿಮುನಿಸು ತೋರಿಸಿ, ನಗುತ್ತಲೇ ಅತ್ತಳು.

ವಸಂತರಾಯರಿಗೆ ಸಿಟ್ಟು ಬಂತು. ಮುಂದಿನ ತಿಂಗಳು ಗುರುಶಾಂತಪ್ಪನ ಅಂಗಡಿಗೆ ಒಂದೂ ಕ್ಯಾಮೆರಾ ಬರಲಿಲ್ಲ. ಅವನು ಕಾಯುತ್ತಿದ್ದ ಒಬ್ಬೊಬ್ಬರಿಗೂ ನಡೆದದ್ದನ್ನು, ತನ್ನ ಸುಳ್ಳನ್ನೂ ಸೇರಿಸಿ, ಹೇಳಿದ. ಕೆಲವರು ಗೊಣಗಿದರು. ಇಮಾಮಸಾಬರು, "ಈ ವರ್ಷದ ಹಕ್ಕಿ ಹ್ವಾದವು. ಇರಲಿ, ಬರೂ ವರ್ಷ ಬಂದ ಬರ್ತಾವ" ಎಂದರು. ಪಾಳಿ ಬಿಟ್ಟು ಹೋದವರು ಮಾತ್ರ ಯಾರೂ ಇಲ್ಲ. ವಸಂತರಾಯರೂ ವ್ಯಾಪಾರಿಯೇ. ಸಿಟ್ಟು ಇಳಿದ ಮೇಲೆ ಮತ್ತೆ ಒಂದೊಂದಾಗಿ ಕಳಿಸತೊಡಗಿದರು.

ಬಹಳ ದಿನಗಳ ನಂತರ ಆ ಚೌಕಟ್ಟಿನಲ್ಲಿ ಫಕ್ಕೀರೇಶನ ಫೋಟೋ ಬಂತು. ಆ ದಿನಗಳಲ್ಲೇ ಹೊರ ಊರಿನ ಹೊಸ ಗಿರಾಕಿಯೊಬ್ಬ ಅಂಗಡಿಗೆ ಬಂದ. ತನಗೆ ಯಾರ್ಯಾರ ಪರಿಚಯ ಇದೆ ಎಂದು ಉದ್ದಕ್ಕೆ ಹೇಳಿ, ಆ ತಿಂಗಳ ಕ್ಯಾಮೆರಾ ತನಗೇ ಬೇಕು ಎಂದ. ಹೇಳುತ್ತಾ ಹೇಳುತ್ತಾ ಚೌಕಟ್ಟು ನೋಡಿ ಕೇಳಿದ, "ಇವರು ಯಾರ್ರಿ?"

ಗುರುಶಾಂತಪ್ಪ ಈ ಸಲ ಗಲ್ಲೆ ಒರೆಸಲಿಲ್ಲ. ಚೌಕಟ್ಟಿನ ಕಡೆ ತಿರುಗಿ, ಫಕ್ಕೀರೇಶನ ಮುಖವನ್ನು ಸರಿಯಾಗಿ ನೋಡಿ ಹೇಳಿದ, "ಮುಂದಿನ ಪಾಳಿ ಇವರದ್ರಿ. ಕುಂದರ್ರಿ, ಚಹಾ ಕುಡೀರಿ. ನಿಮ್ಮ ಹೆಸರ ಹೇಳ್ರಿ."

ನೀತಿ: ಇರುವುದು ಕಡಿಮೆ, ಬೇಕಾದವರು ಹೆಚ್ಚು ಆದಾಗ, ಹಂಚುವವನ ಕೈಯಲ್ಲಿ ವಸ್ತುವಿನ ಜೊತೆಗೆ ಇನ್ನೊಬ್ಬರ ಪಾಳಿಯೂ ಇರುತ್ತದೆ. ಆ ಪಾಳಿ ಅವನದಲ್ಲ. ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದರೂ ಅದನ್ನು ಎತ್ತಿ ಬೇರೆಯವರಿಗೆ ಕೊಡುವ ಹಕ್ಕು ಅವನಿಗಿಲ್ಲ. ಕಾಯುತ್ತಿರುವವರ ಮುಖ ನೋಡಿಕೊಂಡು ಮಾಡಲಾಗದ ಕೆಲಸವನ್ನು ಅವರ ಬೆನ್ನ ಹಿಂದೆಯೂ ಮಾಡಬಾರದು.